ಬಿಸಿಲಿಗೆ ಮನಸ್ಸೂ ಕೆಡುತ್ತದೆ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇಸಿಗೆಯ ತುರ್ತು ಚಿಕಿತ್ಸೆ ಹಾಗೂ ಮಾನಸಿಕ ಕಾಯಿಲೆಯುಳ್ಳವರ ಪಾಡು.

ಮಾನ್ಯರೇ,

ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿದ್ದು, ಸೇವೆಯ ಹೆಚ್ಚಿನ ಕಾಲವನ್ನು ಕ್ಯಾಜುವಾಲಿಟಿಯಲ್ಲೇ ಕಳೆದು ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯಲು ನಡತೆ ನಿಯಮಗಳು ಬಿಡುತ್ತಿರಲಿಲ್ಲ. ಟಿಪ್ಪಣಿ ಬರೆದು ಮೇಲಿನವರ ಟೇಬಲ್ಲಿಗೆ ಕಳಿಸುವುದು, ಅದು ಅಲ್ಲಿಯೇ ಉಳಿಯುವುದು, ಇಷ್ಟೇ ನಡೆಯುತ್ತಿತ್ತು. ಈಗ ಆ ಕಟ್ಟು ಇಲ್ಲದಿರುವುದರಿಂದ, ಯಾವ ಆಸ್ಪತ್ರೆಯ ಮೇಲೂ ಬೆರಳು ತೋರಿಸದೆ, ವರ್ಷವರ್ಷವೂ ಕಣ್ಣಾರೆ ಕಂಡ ಒಂದು ಲೋಪವನ್ನು ತಮ್ಮ ಗಮನಕ್ಕೆ ನೇರವಾಗಿ ತರುತ್ತಿದ್ದೇನೆ.

ನಮ್ಮ ಕಡೆಯ ಬಿಸಿಲನ್ನು ತಮಗೆ ವಿವರಿಸಬೇಕಾಗಿಲ್ಲ. ಏಪ್ರಿಲ್ ತಿಂಗಳ ನಡುವಿಗೆ ರಾಯಚೂರು, ಕಲಬುರಗಿ, ಯಾದಗಿರಿಗಳಲ್ಲಿ ತಾಪಮಾನ 42 ಡಿಗ್ರಿ ಮುಟ್ಟಿದರೆ ಅದು ಪತ್ರಿಕೆಯ ಒಳಪುಟದ ಸುದ್ದಿ. ಬೇಸಿಗೆ ಬರುವ ಮುನ್ನವೇ ಆಸ್ಪತ್ರೆಗಳಿಗೆ ಸುತ್ತೋಲೆ ಬರುತ್ತದೆ: ಓಆರ್‌ಎಸ್ ದಾಸ್ತಾನು ಇರಲಿ, ಗ್ಲುಕೋಸ್ ಬಾಟಲಿ ಸಾಕಷ್ಟಿರಲಿ, ಬಿಸಿಲು ಬಡಿದವರಿಗೆಂದು ಹಾಸಿಗೆ ಕಾಯ್ದಿರಿಸಿ, ಕುಡಿಯುವ ನೀರಿಗೆ ವ್ಯವಸ್ಥೆ ಮಾಡಿ. ಇದೆಲ್ಲ ಬೇಕಾದದ್ದೇ, ಇದರಿಂದ ಜೀವಗಳು ಉಳಿದಿವೆ. ಆದರೆ ನಾನು ಓದಿದ ಯಾವ ಸುತ್ತೋಲೆಯಲ್ಲೂ, ಬಿಸಿಲಿಗೆ ಬುದ್ಧಿ ಕದಡಿ ಬಂದವರನ್ನು ಹೇಗೆ ನೋಡಬೇಕು, ಮೊದಲೇ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಬೇಸಿಗೆಯಲ್ಲಿ ಬಂದರೆ ಏನನ್ನು ಮೊದಲು ಕೇಳಬೇಕು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಾಗೆಂದು ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಬಿಸಿಗಾಳಿಯ ಕುರಿತು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸುವ ಸಾರ್ವಜನಿಕ ಸಲಹೆಯಲ್ಲಿ ಹೆಚ್ಚು ಅಪಾಯದಲ್ಲಿರುವವರ ಪಟ್ಟಿಯೊಂದಿದೆ. ಹಸುಗೂಸುಗಳು, ಬಯಲಿನಲ್ಲಿ ದುಡಿಯುವವರು, ಗರ್ಭಿಣಿಯರು, ಹೃದಯದ ತೊಂದರೆ ಮತ್ತು ರಕ್ತದೊತ್ತಡ ಇರುವವರ ಜೊತೆಗೆ ಮಾನಸಿಕ ಕಾಯಿಲೆಯುಳ್ಳವರ ಹೆಸರೂ ಅದರಲ್ಲಿದೆ. ಉಳಿದವರ ವಿಚಾರದಲ್ಲಿ ಆ ಸಲಹೆ ಕೆಳಗೆ ಇಳಿದು ಬಂದು ಕೆಲಸವಾಗುತ್ತದೆ. ಗರ್ಭಿಣಿಯರ ಮನೆಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ, ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಬೇಸಿಗೆಗೆಂದು ಕೆಲಸದ ಪ್ರಮಾಣ ಇಳಿಸುತ್ತಾರೆ. ಮಾನಸಿಕ ಕಾಯಿಲೆಯುಳ್ಳವರ ಹೆಸರು ಮಾತ್ರ ದೆಹಲಿಯ ಕಾಗದದಲ್ಲಿ ಹುಟ್ಟಿ ಅಲ್ಲಿಯೇ ಉಳಿದುಬಿಡುತ್ತದೆ.

ಇವರಿಗೆ ಅಪಾಯ ಏಕೆ ಹೆಚ್ಚು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಬೇಡಿಕೆಗಳೆಲ್ಲ ಇದರ ಮೇಲೆ ನಿಂತಿವೆ. ಮೈ ಬಿಸಿಯೇರಿದಾಗ ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವುದು ಮುಖ್ಯವಾಗಿ ಬೆವರಿನಿಂದ ಮತ್ತು ಚರ್ಮದತ್ತ ರಕ್ತ ಹರಿಸುವುದರಿಂದ. ಮನೋವೈದ್ಯರು ಬರೆದುಕೊಡುವ ಹಲವು ಔಷಧಗಳು ಈ ಕೆಲಸಕ್ಕೇ ಅಡ್ಡ ಬರುತ್ತವೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ಕ್ಲೋರ್‌ಪ್ರೊಮಜಿನ್‌ನಂಥವು ಮಿದುಳಿನಲ್ಲಿ ತಾಪ ಕಾಯುವ ಕೇಂದ್ರದ ಕೆಲಸವನ್ನು ಏರುಪೇರು ಮಾಡುತ್ತವೆ. ಅವುಗಳಿಂದ ಬರುವ ಕೈಕಾಲಿನ ಬಿಗಿತ ತಗ್ಗಲೆಂದು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕುಗ್ಗಿಸುತ್ತದೆ. ಖಿನ್ನತೆಗೂ ನೋವಿಗೂ ನಿದ್ದೆಗೂ ನಮ್ಮ ಭಾಗದಲ್ಲಿ ಧಾರಾಳವಾಗಿ ಬರೆಯುವ ಅಮಿಟ್ರಿಪ್ಟಿಲಿನ್ ಕೂಡ ಹೀಗೆ ಬೆವರು ಕುಗ್ಗಿಸುವಂಥದ್ದೇ. ಇದಲ್ಲದೆ ತೀವ್ರ ಖಿನ್ನತೆಯಲ್ಲಿ ಬಿದ್ದವರು, ಸಂಶಯ ಹತ್ತಿ ಕೋಣೆಯ ಬಾಗಿಲು ಹಾಕಿಕೊಂಡವರು ಬಾಯಾರಿಕೆಯಾಯಿತೆಂದು ತಾವಾಗಿ ಎದ್ದು ನೀರು ಕುಡಿಯುವುದಿಲ್ಲ, ಸೆಕೆಯಾಯಿತೆಂದು ಜಾಗ ಬದಲಿಸುವುದಿಲ್ಲ. ತಗಡಿನ ಮನೆಯಲ್ಲಿ, ಕರೆಂಟು ಹೋದ ಮಧ್ಯಾಹ್ನದಲ್ಲಿ, ನೀರು ಕೊಡುವವರೂ ಹೊಲಕ್ಕೆ ಹೋಗಿರುವಾಗ ಇವರ ಗತಿಯನ್ನು ತಾವೇ ಊಹಿಸಿಕೊಳ್ಳಬಹುದು.

ಒಂದು ಮೇ ತಿಂಗಳ ಮಧ್ಯಾಹ್ನ ಮಂಡಿಯ ಹಮಾಲನೊಬ್ಬನನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಬಂದರು. ಕೈಗಳನ್ನು ಟವೆಲ್ಲಿನಿಂದ ಕಟ್ಟಿದ್ದರು. ‘ಅಕ್ಕೋರೆ, ಮುಂಜಾನಿಂದ ಏನೇನೋ ಒದರ್ಲಾಕತ್ತಾನ್ರಿ, ಹಿಡಿಲಾಕ ಹೋದ್ರ ಹೊಡಿಲಾಕ ಬರ್ತಾನ್ರಿ’ ಎಂದು ಅವನ ಅಣ್ಣ ಹೇಳಿದ. ಹುಡುಗನಿಗೆ ಕೆಲವು ವರ್ಷಗಳಿಂದ ಸ್ಕಿಝೊಫ್ರೀನಿಯಾ (ಭ್ರಮೆ, ಸಂಶಯ ಕಾಡುವ ತೀವ್ರ ಮಾನಸಿಕ ಕಾಯಿಲೆ) ಇತ್ತು, ಮಾತ್ರೆ ತಪ್ಪಿಸದೆ ನುಂಗುತ್ತಿದ್ದ, ಕೆಲಸಕ್ಕೂ ಹೋಗುತ್ತಿದ್ದ. ಊರಿನ ದವಾಖಾನೆಯಿಂದ ಬಂದ ಚೀಟಿಯಲ್ಲಿ ‘ಸೈಕಿಯಾಟ್ರಿ ಕೇಸ್’ ಎಂದು ಮೊದಲೇ ಬರೆದಾಗಿತ್ತು. ಆ ಎರಡು ಪದಗಳು ಮಾಡುವ ಅನಾಹುತವನ್ನು ಕ್ಯಾಜುವಾಲಿಟಿಯಲ್ಲಿ ನಿಂತವರು ಮಾತ್ರ ಬಲ್ಲರು. ಅಲ್ಲಿಂದ ಮುಂದೆ ಯಾರೂ ನಾಡಿ ನೋಡುವುದಿಲ್ಲ, ಮೈ ಮುಟ್ಟುವುದಿಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟು ದೂರದ ಮನೋವೈದ್ಯಕೀಯ ಆಸ್ಪತ್ರೆಗೆ ರೆಫರ್ ಬರೆಯುವುದೇ ಚಿಕಿತ್ಸೆಯಾಗುತ್ತದೆ. ಅಂದೂ ರೆಫರ್ ಚೀಟಿ ತಯಾರಾಗುತ್ತಿತ್ತು. ಕೈಯ ಕಟ್ಟು ಬಿಚ್ಚಲು ಹೋದ ಕಿರಿಯ ವೈದ್ಯೆಯೊಬ್ಬರಿಗೆ ಅವನ ಮೈ ಕಾದ ಹಂಚಿನಂತೆ ತಾಗಿತು. ಚರ್ಮ ಒಣಗಿತ್ತು, ಬೆವರಿನ ಪಸೆಯೂ ಇರಲಿಲ್ಲ. ಕಂಕುಳಲ್ಲಿಟ್ಟ ಥರ್ಮಾಮೀಟರ್ 105 ಡಿಗ್ರಿ ಫ್ಯಾರನ್‌ಹೀಟ್ ದಾಟಿತು.

ಅದು ಕಾಯಿಲೆ ಮರುಕಳಿಸಿದ್ದಲ್ಲ, ಉಷ್ಣಾಘಾತ. ದೇಹದ ಒಳತಾಪ 40 ಡಿಗ್ರಿ ಸೆಲ್ಸಿಯಸ್ (104 ಡಿಗ್ರಿ ಫ್ಯಾರನ್‌ಹೀಟ್) ಮೀರಿ, ಜೊತೆಗೆ ಪ್ರಜ್ಞೆಯಲ್ಲಿ ಏರುಪೇರಾದರೆ ಅದಕ್ಕೆ ಆ ಹೆಸರು. ಅಸಂಬದ್ಧ ಮಾತು, ಸಿಟ್ಟು, ಗಾಬರಿ, ಹೊಡೆದಾಟ ಇವೇ ಅದರ ಮೊದಲ ಲಕ್ಷಣಗಳಾಗಿ ಕಾಣಿಸಿಕೊಳ್ಳಬಹುದು. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸಿದರೆ ಮನುಷ್ಯ ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಯಕೃತ್ತು, ಮೂತ್ರಪಿಂಡ, ಮಿದುಳು ಒಂದೊಂದಾಗಿ ಕೈಕೊಡುತ್ತವೆ. ಅಂದು ವಾರ್ಡ್ ಬಾಯ್ ಎದುರಿನ ಕಬ್ಬಿನ ಹಾಲಿನ ಅಂಗಡಿಗೆ ಓಡಿ ಐಸ್ ಗಡ್ಡೆ ತಂದ. ಕಾಳು ಒಣಗಿಸುವ ತಾಡಪತ್ರಿಯೊಂದನ್ನು ಆಟೊದವನಿಂದಲೇ ಇಸಿದುಕೊಂಡು, ಹುಡುಗನನ್ನು ಅದರ ಮೇಲೆ ಮಲಗಿಸಿ, ನಾಲ್ಕೂ ಕಡೆ ಅಂಚು ಎತ್ತಿ ಹಿಡಿದು, ಐಸ್ ನೀರು ಸುರಿದು ಅಲುಗಾಡಿಸಿದೆವು. ನೋಡಿದವರಿಗೆ ಇದು ಹುಡುಗಾಟದಂತೆ ಕಂಡೀತು, ಆದರೆ ತೊಟ್ಟಿ ಇಲ್ಲದ ಕಡೆ ತುರ್ತು ವೈದ್ಯಕೀಯವೇ ಒಪ್ಪಿರುವ ವಿಧಾನವಿದು. ಸಂಜೆಯ ಹೊತ್ತಿಗೆ ಅವನು ಕಣ್ಣು ಬಿಟ್ಟು, ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ.

ಅದೇ ಬೇಸಿಗೆಯಲ್ಲಿ ಅಂಥದೇ ಚೀಟಿ ಹಿಡಿದು ಬೇರೆ ಊರಿನಿಂದ ಹೊರಟಿದ್ದ ಇನ್ನೊಬ್ಬ, ಆಂಬುಲೆನ್ಸ್‌ನಲ್ಲಿ ಕೈಕಾಲು ಕಟ್ಟಿಸಿಕೊಂಡೇ ದಾರಿಯಲ್ಲಿ ತೀರಿಕೊಂಡ. ಬಿಸಿಲಿಗೆ ಸತ್ತವರ ಲೆಕ್ಕದಲ್ಲಿ ಅವನಿಲ್ಲ.

ಮೈಬಿಸಿ ನೋಡುವುದು ಇಷ್ಟು ಸರಳವಾದ ಕೆಲಸವಾಗಿದ್ದರೂ ಅದು ಏಕೆ ತಪ್ಪುತ್ತದೆ ಎಂದು ತಾವು ಕೇಳಬಹುದು. ಕಿರುಚಾಡುವವರ ಕಂಕುಳಲ್ಲಿ ಥರ್ಮಾಮೀಟರ್ ನಿಲ್ಲುವುದಿಲ್ಲ. ನಿಂತರೂ ಅದು ಒಳತಾಪಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಗುದದ್ವಾರದ ಮೂಲಕ ನೋಡುವ ಪ್ರೋಬ್ ಹೆಚ್ಚಿನ ಕಡೆ ಇರುವುದಿಲ್ಲ, ಇದ್ದರೂ ಬೀರುವಿನಲ್ಲಿರುತ್ತದೆ. ಹಾಗಾಗಿ ‘ಜ್ವರ’ ಎಂದು ಬರೆದು ಪ್ಯಾರಾಸಿಟಮಾಲ್ ಕೊಡುತ್ತಾರೆ. ಸೋಂಕಿನ ಜ್ವರಕ್ಕೆ ಕೆಲಸ ಮಾಡುವ ಆ ಔಷಧ ಉಷ್ಣಾಘಾತಕ್ಕೆ ಕೆಲಸ ಮಾಡುವುದಿಲ್ಲ. ಕೊಸರಾಡುವ ಮನುಷ್ಯನನ್ನು ಹಗ್ಗದಲ್ಲಿ ಬಿಗಿದರೆ ಅವನ ಸ್ನಾಯುಗಳು ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಬೆವರು ತಡೆಯುವ ಗುಣದ ಇಂಜೆಕ್ಷನ್ನನ್ನು ಅದರ ಮೇಲೆ ಕೊಟ್ಟರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಾಗಂತ ಮಂಪರು ಬರಿಸುವುದೇ ತಪ್ಪು ಎಂದೇನೂ ಅಲ್ಲ. ಲೊರಾಝೆಪಾಮ್ ಇಂಥ ಹೊತ್ತಿಗೆ ನೆರವಾಗುತ್ತದೆ. ಆದರೆ ಆ ಇಂಜೆಕ್ಷನ್ ಫ್ರಿಜ್ಜಿನಲ್ಲಿರಬೇಕಾದದ್ದು, ಬೇಸಿಗೆಯ ಕರೆಂಟಿನ ಕತೆ ತಮಗೆ ತಿಳಿದದ್ದೇ.

ಇನ್ನು ಲಿಥಿಯಂ ವಿಚಾರ. ಬೈಪೋಲಾರ್, ಅಂದರೆ ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ಕಾಯಿಲೆಯುಳ್ಳ ಎಷ್ಟೋ ಮಂದಿಯನ್ನು ಈ ಮಾತ್ರೆ ದಶಕಗಳಿಂದ ಕಾಪಾಡಿಕೊಂಡು ಬಂದಿದೆ, ಅದರ ಬಗ್ಗೆ ಹೆದರಿಕೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ ಸುಮಾರು 0.6ರಿಂದ 1.2 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಔಷಧ, 1.5 ದಾಟಿದರೆ ವಿಷ. ಬೆವರಿ ನೀರು, ಉಪ್ಪು ಕಳೆದುಕೊಂಡಾಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ದಿನವೂ ನುಂಗುತ್ತಿದ್ದ ಅದೇ ಎರಡು ಮಾತ್ರೆ ಮಾರ್ಚ್‌ನಲ್ಲಿ ಸರಿಯಾಗಿದ್ದು ಮೇ ತಿಂಗಳಲ್ಲಿ ಹೆಚ್ಚಾಗಬಹುದು. ಮೈಕೈ ನೋವೆಂದು ಡೈಕ್ಲೊಫೆನಾಕ್ ತೆಗೆದುಕೊಂಡರೆ ಪ್ರಮಾಣ ಇನ್ನೂ ಏರುತ್ತದೆ.

ಹೀಗೆಯೇ ಒಬ್ಬ ಹೆಣ್ಣುಮಗಳು ವಾಂತಿ, ಭೇದಿ, ಕೈನಡುಕ ಎಂದು ಬಂದಳು. ತೊಗರಿ ಸ್ವಚ್ಛ ಮಾಡುವ ಕೂಲಿ ಕೆಲಸದವಳು. ಬೇಸಿಗೆಯ ವಾಂತಿಭೇದಿ ಎಂದು ದಾಖಲಿಸಿಕೊಂಡು, ಮೈನೋವಿಗೆ ನೋವಿನ ಇಂಜೆಕ್ಷನ್ ಕೊಟ್ಟು, ಓಆರ್‌ಎಸ್ ಕುಡಿಸಲು ಹೇಳಿದರು. ಮಾತ್ರೆಯ ವಿಷಯ ಯಾರೂ ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ. ‘ತಲೆಯ ಮಾತ್ರೆ’ ನುಂಗುತ್ತಾಳೆಂದು ನೆರೆಹಾಸಿಗೆಯವರೆದುರು ಯಾರು ಬಾಯಿ ಬಿಟ್ಟಾರು? ಮಾತು ತೊದಲತೊಡಗಿ, ಮಂಪರು ಕವಿದು, ನಿಂತರೆ ತೂರಾಡುವಂತಾದಾಗ ಅತ್ತೆ ಸೆರಗಿನ ಗಂಟಿನಿಂದ ಖಾಲಿ ಸ್ಟ್ರಿಪ್ ತೆಗೆದು ತೋರಿಸಿದರು. ಲಿಥಿಯಂ ಪರೀಕ್ಷೆ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರೆ, ತೆಗೆದದ್ದು ಹಸಿರು ಮುಚ್ಚಳದ ಟ್ಯೂಬಿನಲ್ಲಿ. ಅದರೊಳಗೆ ಲಿಥಿಯಂ ಹೆಪಾರಿನ್ ಇರುವುದರಿಂದ ಫಲಿತಾಂಶ ನೆಚ್ಚುವಂತಿರಲಿಲ್ಲ, ಮತ್ತೆ ರಕ್ತ ತೆಗೆಯಬೇಕಾಯಿತು. ಇಷ್ಟೆಲ್ಲ ಆಗಿ ಡಯಾಲಿಸಿಸ್ ಮೇಲೆ ಅವಳ ಜೀವ ಉಳಿಯಿತು. ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ. ಬಂದ ಕೂಡಲೇ ಯಾವ ಮಾತ್ರೆ ನುಂಗುತ್ತೀ ಎಂಬ ಒಂದು ಪ್ರಶ್ನೆಯನ್ನು, ಮರ್ಯಾದೆ ಕೆಡದ ಹಾಗೆ ಪಕ್ಕಕ್ಕೆ ಕರೆದು ಕೇಳಿದ್ದರೆ ಸಾಕಿತ್ತು.

ಬಿಸಿಲಿನ ಪೆಟ್ಟು ಮಾತ್ರೆಗಳ ಮೂಲಕವೇ ಬೀಳಬೇಕೆಂದಿಲ್ಲ. ರಾತ್ರಿಯೂ ಮೈ ಆರದೆ ನಿದ್ದೆ ಕೆಡುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದ ಕೆರಳಲು ನಿದ್ದೆಗೇಡಿಗಿಂತ ಸುಲಭವಾದ ದಾರಿ ಇಲ್ಲ. ಕುಡಿತ ಬಿಟ್ಟ ಎರಡನೆಯ, ಮೂರನೆಯ ದಿನಕ್ಕೆ ಕನವರಿಸುತ್ತಾ ಬರುವವರಲ್ಲೂ ಜ್ವರ, ನಡುಕ, ಗೊಂದಲ ಇದ್ದೇ ಇರುತ್ತವೆ. ಬೇಸಿಗೆಯಲ್ಲಿ ಇದು ಕುಡಿತದ್ದೋ ಬಿಸಿಲಿನದೋ ಎಂದು ಬಿಡಿಸುವುದು ಅನುಭವಿ ವೈದ್ಯರಿಗೂ ಕಷ್ಟ. ಕೀಟನಾಶಕ ಹೊಟ್ಟೆಗೆ ಸೇರಿ ಬಂದವರಿಗೆ ಕೊಡುವ ಅಟ್ರೊಪಿನ್ ಕೂಡ ಬೆವರು ನಿಲ್ಲಿಸುವ ಔಷಧವೇ. ಆರ್‌ಸಿಸಿ ಚಾವಣಿಯ ಕೆಳಗೆ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುವ ವಾರ್ಡಿನಲ್ಲಿ ಅಂಥವರ ಮೈಬಿಸಿ ಏರಿ, ಕನವರಿಕೆ ಹೆಚ್ಚಿ, ಬದುಕಲೆಂದು ಕೊಟ್ಟ ಮದ್ದೇ ಇನ್ನೊಂದು ಗಂಡಾಂತರ ತರುವುದನ್ನು ನೋಡಿದ್ದೇನೆ.

ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟುವವಳು ನಾನಲ್ಲ. ಭಾರತದ 47 ವರ್ಷಗಳ ಅಂಕಿಅಂಶಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೆಳೆಯ ಹಂಗಾಮಿನಲ್ಲಿ ತಾಪ ಏರಿದಾಗ ಆತ್ಮಹತ್ಯೆಗಳು ಏರುತ್ತವೆ, ಬೆಳೆ ಇಲ್ಲದ ತಿಂಗಳುಗಳ ತಾಪದಲ್ಲಿ ಹಾಗಾಗುವುದಿಲ್ಲ ಎಂದು ಹೇಳಿತು. ಅಂದರೆ ಅಲ್ಲಿ ಸೆಕೆಗಿಂತ ಮುಂಚೆ ಬೆಳೆನಷ್ಟ ನಿಂತಿದೆ. ಆದರೆ ತುರ್ತು ಚಿಕಿತ್ಸೆಯ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಅಮೆರಿಕದಲ್ಲಿ 2010ರಿಂದ 2019ರವರೆಗಿನ ಲಕ್ಷಾಂತರ ತುರ್ತು ಭೇಟಿಗಳನ್ನು ಪರಿಶೀಲಿಸಿ 2022ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಅತಿ ಸೆಕೆಯ ದಿನಗಳಲ್ಲಿ ಮಾನಸಿಕ ತೊಂದರೆಗಳಿಗಾಗಿ ತುರ್ತು ಘಟಕಕ್ಕೆ ಬರುವವರ ಪ್ರಮಾಣ ಸುಮಾರು ಶೇ 8ರಷ್ಟು ಹೆಚ್ಚು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರ ಬೇಸಿಗೆಯ ಬಿಸಿಗಾಳಿಗೆ 619 ಜನ ಸತ್ತರು, ಬಹುತೇಕ ಎಲ್ಲರೂ ಮನೆಯೊಳಗೇ. ಆ ಸಾವುಗಳನ್ನು ಬಿಡಿಸಿ ನೋಡಿದಾಗ ಮಧುಮೇಹ, ಹೃದ್ರೋಗಗಳನ್ನೆಲ್ಲ ಹಿಂದಿಕ್ಕಿ ಅಪಾಯದ ಪಟ್ಟಿಯಲ್ಲಿ ಮೇಲೆ ಬಂದದ್ದು ಸ್ಕಿಝೊಫ್ರೀನಿಯಾ. ಆ ಕಾಯಿಲೆ ಇದ್ದವರಿಗೆ ಸಾವಿನ ಅಪಾಯ ಸುಮಾರು ಮೂರು ಪಟ್ಟು ಇತ್ತು. ಅದು ನಮಗಿಂತ ತಣ್ಣಗಿನ, ಹಣವಂತರ ನಾಡು. ಅಲ್ಲಿನ ಸರ್ಕಾರ ಸತ್ತವರನ್ನು ಎಣಿಸಿತು, ಅವರಿಗೇನಿತ್ತೆಂದು ಕೇಳಿತು, ಹಾಗಾಗಿ ಉತ್ತರ ಸಿಕ್ಕಿತು.

ನಮ್ಮಲ್ಲಿ ಎಣಿಕೆಯ ಪುಸ್ತಕ ಈಗಾಗಲೇ ಇದೆ. ರಾಷ್ಟ್ರೀಯ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ವರ್ಷ ಮಾರ್ಚ್ 1ರಿಂದ ಜುಲೈ 31ರವರೆಗೆ ಬಿಸಿಲಿಗೆ ಸಂಬಂಧಿಸಿದ ಕಾಯಿಲೆ, ಸಾವುಗಳನ್ನು ಆಸ್ಪತ್ರೆಗಳು ಪೋರ್ಟಲ್‌ಗೆ ತುಂಬುತ್ತವೆ. ರಾತ್ರಿ ಪಾಳಿ ಮುಗಿಸಿ ಆ ನಮೂನೆ ತುಂಬುವವರಲ್ಲಿ ನಾವೂ ಇದ್ದೆವು. ‘ಸೈಕಿಯಾಟ್ರಿ’ ಎಂದು ಚೀಟಿ ಅಂಟಿದವರು ಆ ನಮೂನೆಯೊಳಗೆ ಬರುವುದೇ ಇಲ್ಲ. ಆಮೇಲೆ ಅಂಕಿ ನೋಡಿದವರಿಗೆ ಈ ಜಿಲ್ಲೆಗಳಲ್ಲಿ ಅಂಥ ಸಮಸ್ಯೆಯೇ ಇಲ್ಲ ಎನ್ನಿಸುವುದು ಸಹಜ.

ಕಾನೂನಿನ ಮಾತನ್ನೂ ಇಲ್ಲಿ ಹೇಳಲೇಬೇಕು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 21ನೇ ಕಲಂ, ಮಾನಸಿಕ ಕಾಯಿಲೆಯುಳ್ಳವರಿಗೆ ತುರ್ತು ಸೇವೆಯೂ ಆಂಬುಲೆನ್ಸ್ ಸೇವೆಯೂ ದೈಹಿಕ ಕಾಯಿಲೆಯವರಿಗೆ ಸಿಗುವಷ್ಟೇ ಗುಣಮಟ್ಟದಲ್ಲಿ ಸಿಗಬೇಕು ಎನ್ನುತ್ತದೆ. 94ನೇ ಕಲಂ ಪ್ರಕಾರ ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಅದಕ್ಕೆ ಮನೋವೈದ್ಯರೇ ಆಗಬೇಕೆಂದಿಲ್ಲ. ‘ನಮ್ಮಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ’ ಎಂದು ಬಾಗಿಲಿನಿಂದಲೇ ತಿರುಗಿಸಿ ಕಳಿಸುವುದಕ್ಕೆ ಕಾನೂನಿನ ಬಲವಿಲ್ಲ. ಆದರೂ ಅದು ದಿನನಿತ್ಯ ನಡೆಯುತ್ತದೆ. ವೈದ್ಯರ ಮನಸ್ಸಿನಲ್ಲಿರುವುದು ದುರುದ್ದೇಶವಲ್ಲ, ಭಯ. ಇಂಥ ರೋಗಿಯನ್ನು ಮುಟ್ಟಿ ಹೆಚ್ಚುಕಡಿಮೆಯಾದರೆ ನಮ್ಮ ಮೇಲೆ ಬರುತ್ತದೆ ಎಂದು ಅವರು ಹಿಂಜರಿಯುತ್ತಾರೆ. ಲಿಖಿತ ಮಾರ್ಗಸೂಚಿ ಕೈಯಲ್ಲಿದ್ದರೆ ಆ ಭಯ ಅರ್ಧ ಇಳಿಯುತ್ತದೆ.

ನಮ್ಮ ಭಾಗಕ್ಕೆ ಇದು ಆಗದ ಕೆಲಸ ಎಂದು ಯಾರಾದರೂ ತಮಗೆ ಹೇಳಿದರೆ, ಬಳ್ಳಾರಿಯ ಉದಾಹರಣೆ ಕೊಡಿ. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯವರೆಗೆ ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಇದೇ ಸುಡುಬಿಸಿಲಿನ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ಅದೇ. ಬಿಸಿಲಿನ ವಿಷಯದಲ್ಲಿ ದಾರಿ ತೋರಿಸಿದ್ದು ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ 1,344 ಸಾವು ಹೆಚ್ಚಾದ ಮೇಲೆ ಆ ನಗರ 2013ರಲ್ಲಿ ತನ್ನದೇ ಕ್ರಿಯಾ ಯೋಜನೆ ಜಾರಿಗೆ ತಂದಿತು. ಈ ಎರಡು ಯೋಜನೆಗಳನ್ನು ಹಿಡಿದು ಒಂದಕ್ಕೊಂದು ಹೊಲಿಯುವ ಕೆಲಸ ಮಾತ್ರ ಬಾಕಿ ಉಳಿದಿದೆ, ಅದನ್ನು ಕರ್ನಾಟಕವೇ ಮೊದಲು ಮಾಡಬಾರದೇಕೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಸರ್ಕಾರವೇ ಬದಲಿಸುತ್ತದೆ. ಮಧ್ಯಾಹ್ನದ ಬಿಸಿಲು ಮನುಷ್ಯನಿಗೆ ಸಲ್ಲದು ಎಂಬುದಕ್ಕೆ ಇದಕ್ಕಿಂತ ಅಧಿಕೃತ ಒಪ್ಪಿಗೆ ಬೇಕಿಲ್ಲ. ಗುಮಾಸ್ತರಿಗೆ ದೊರೆತ ಈ ಕರುಣೆ, ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆಂದು ಮೂವತ್ತು ಮೈಲಿ ದೂರದಿಂದ ಬಸ್ಸಿನಲ್ಲಿ ಬರುವ ರೋಗಿಗೂ ದೊರೆಯಲಿ. ನಾನು ಕೆಲಸ ಮಾಡಿದ ತಾಲೂಕಿನಲ್ಲಿ ಆ ಸಾಲು ಕರಗುವಷ್ಟರಲ್ಲಿ ಮಧ್ಯಾಹ್ನ ಏರುತ್ತಿತ್ತು. ಬಂದವರು ತಗಡಿನ ನೆರಳಿನಲ್ಲಿ ಕೂತಿರುತ್ತಿದ್ದರು. ಮುಂದಿನ ತಿಂಗಳು ಅವರಲ್ಲಿ ಎಷ್ಟೋ ಜನ ಬರುತ್ತಿರಲಿಲ್ಲ, ಮಾತ್ರೆ ಅಲ್ಲಿಗೆ ನಿಲ್ಲುತ್ತಿತ್ತು, ಮುಂಗಾರಿನ ಹೊತ್ತಿಗೆ ಕ್ಯಾಜುವಾಲಿಟಿಗೆ ಬರುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಇಷ್ಟು. ಬೇಸಿಗೆಯಲ್ಲಿ ಪ್ರಜ್ಞೆ ಅಥವಾ ವರ್ತನೆ ಬದಲಾಗಿ ಬಂದ ಪ್ರತಿಯೊಬ್ಬರ ಒಳತಾಪ, ಸಕ್ಕರೆ ಮತ್ತು ಸೋಡಿಯಂ ನೋಡುವ ತನಕ ಅವರನ್ನು ‘ಸೈಕಿಯಾಟ್ರಿ ಕೇಸ್’ ಎಂದು ಬರೆಯಬಾರದು, ಮುಂದಕ್ಕೆ ಕಳಿಸಲೂಬಾರದು ಎಂಬ ಸ್ಪಷ್ಟ ಆದೇಶ ಹೊರಡಲಿ. 40 ಡಿಗ್ರಿ ದಾಟಿದ್ದರೆ ಮೊದಲು ತಣಿಸಿ, ಆಮೇಲೆ ಸಾಗಿಸಿ ಎಂಬ ಸಾಲು ಅದರಲ್ಲಿ ದೊಡ್ಡಕ್ಷರದಲ್ಲಿ ಇರಲಿ. ಪ್ರತಿ ತಾಲೂಕು ಆಸ್ಪತ್ರೆಗೆ ಗುದದ್ವಾರದ ಥರ್ಮಾಮೀಟರ್ ಪ್ರೋಬ್, ಒಂದು ತಾಡಪತ್ರಿ, ಐಸ್ ಇಡುವ ಡೀಪ್ ಫ್ರೀಜರ್ ಮತ್ತು ಅದಕ್ಕೆ ಜನರೇಟರಿನ ಸಂಪರ್ಕ ಕೊಡುವುದಕ್ಕೆ ಆಗುವ ಖರ್ಚು ದೊಡ್ಡದಲ್ಲ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ 2024ರಲ್ಲಿ ತಣ್ಣೀರಿನ ತೊಟ್ಟಿಗಳಿರುವ ಉಷ್ಣಾಘಾತ ಘಟಕ ತೆರೆಯಿತು; ಅಂಥದ್ದನ್ನು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ತೆರೆಯಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನೇ ಬಳಸಬಹುದು. ಪ್ರವೇಶದ್ವಾರದ ಕಮಾನುಗಳಿಗೆ ಮಂಡಳಿ ಖರ್ಚು ಮಾಡುವುದನ್ನು ನೋಡಿದವಳಾಗಿ ಈ ಮಾತು ಹೇಳುತ್ತಿದ್ದೇನೆ.

ಲಿಥಿಯಂ ಪರೀಕ್ಷೆ ಕನಿಷ್ಠ ಪ್ರತಿ ಜಿಲ್ಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಹಗಲು ರಾತ್ರಿ ಸಿಗಲಿ. ಫೆಬ್ರವರಿ ಮುಗಿಯುವುದರೊಳಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ತಮ್ಮ ನೋಂದಣಿಯಲ್ಲಿರುವ ರೋಗಿಗಳ ಮಾತ್ರೆಗಳನ್ನು ಬೇಸಿಗೆಯ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಲಿ. ಟ್ರೈಹೆಕ್ಸಿಫೆನಿಡಿಲ್ ಎಷ್ಟೋ ಜನರಿಗೆ ಅಗತ್ಯ ಮುಗಿದ ಮೇಲೂ ವರ್ಷಗಟ್ಟಲೆ ನಡೆದಿರುತ್ತದೆ, ಅದನ್ನು ಮನೋವೈದ್ಯರು ನೋಡಿ ನಿರ್ಧರಿಸಲಿ. ಇಲ್ಲಿ ಒಂದು ಎಚ್ಚರಿಕೆ: ಈ ಪತ್ರ ಓದಿದ ಯಾರೂ ಬಿಸಿಲಿಗೆ ಹೆದರಿ ತಾವಾಗಿ ಮಾತ್ರೆ ನಿಲ್ಲಿಸಬಾರದು. ತಟ್ಟನೆ ನಿಲ್ಲಿಸಿದರೆ ಆಗುವ ಅನಾಹುತ ಬಿಸಿಲಿಗಿಂತ ದೊಡ್ಡದಾಗಬಹುದು. ವೈದ್ಯರನ್ನು ಕೇಳಿ, ಅದಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಜೀವ ಬೇಡವೆನಿಸುವಷ್ಟು ಮನಸ್ಸು ಕುಸಿದವರಿಗೂ ಅದೇ ಸಂಖ್ಯೆ. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಆ ಸಹಾಯವಾಣಿಯವರೂ 108ರಲ್ಲಿ ಕರೆ ಸ್ವೀಕರಿಸುವವರೂ, ‘ಮೈ ಸುಡುತ್ತಿದೆಯೇ? ಬೆವರು ಇದೆಯೇ? ಯಾವ ಮಾತ್ರೆ ನುಂಗುತ್ತಿದ್ದಾರೆ?’ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುವಂತಾಗಲಿ.

ಆಶಾ ಕಾರ್ಯಕರ್ತೆಯರ ಹೆಗಲಿಗೆ ಇನ್ನೊಂದು ಹೊರೆ ಹೊರಿಸಲು ನನಗೆ ಮನಸ್ಸಿಲ್ಲ, ಅವರ ಗೌರವಧನದ ಕತೆ ಬಲ್ಲೆ. ಬೇಸಿಗೆಯ ಭೇಟಿಗಳಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡುವುದಾದರೆ ಮಾತ್ರ, ತಮ್ಮ ಊರಿನಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರ ಮನೆಗೆ ಹೋಗಿ ನೀರು, ಮಜ್ಜಿಗೆ, ನೆರಳಿನ ಬಗ್ಗೆ ವಿಚಾರಿಸುವ ಕೆಲಸವನ್ನು ಅವರಿಗೆ ವಹಿಸಿ. ಕೊನೆಯದಾಗಿ, ಬೇಸಿಗೆಯ ನಮೂನೆಯಲ್ಲಿ ಎರಡು ಅಂಕಣ ಸೇರಿಸಿ: ರೋಗಿಗೆ ಮೊದಲೇ ಮಾನಸಿಕ ಕಾಯಿಲೆ ಇತ್ತೇ, ಬಂದಾಗ ಪ್ರಜ್ಞೆ ಅಥವಾ ವರ್ತನೆ ಬದಲಾಗಿತ್ತೇ. ಅಂಕಿಗಳನ್ನು ಹೆಸರಿಲ್ಲದೆ ಜಿಲ್ಲಾವಾರು ಪ್ರಕಟಿಸಿ.

ಇದರಲ್ಲಿ ಹೊಸ ಹುದ್ದೆ ಬೇಡುವಂಥದ್ದು ಕಡಿಮೆ, ಸಚಿವ ಸಂಪುಟದ ಮುಂದೆ ಹೋಗಬೇಕಾದ್ದೂ ಹೆಚ್ಚೇನಿಲ್ಲ. ಮೊದಲ ಆದೇಶ ತಮ್ಮ ಇಲಾಖೆಯ ಆಯುಕ್ತರ ಸಹಿಯಿಂದಲೇ ಹೊರಡಬಹುದು. ಮಾರ್ಚ್ 1ಕ್ಕೆ ಎಣಿಕೆ ಶುರುವಾಗುವುದರೊಳಗೆ ಅದು ತಾಲೂಕು ಆಸ್ಪತ್ರೆಗಳ ನೋಟಿಸ್ ಬೋರ್ಡಿಗೆ ತಲುಪುವಂತೆ ಮಾಡಬೇಕೆಂದೂ, ಈ ಮನವಿಗಳಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಬಹಿರಂಗವಾಗಿಯೇ ತಿಳಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ,
ಕಲ್ಯಾಣ ಕರ್ನಾಟಕ.

ಪ್ರತಿ: ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.